ಹೊಂಡ ನೋಡಿ ಮೀನು ಬಿಡಿ

ಮೈಸೂರಿನಿಂದ ಮಡಿಕೇರಿ ಕಡೆಗೆ ಹೊರಟ ಹೆದ್ದಾರಿ ಬಿಳಿಕೆರೆಯಲ್ಲಿ ಕವಲೊಡೆಯುತ್ತದೆ. ನೇರ ಹೋದರೆ ಹುಣಸೂರು, ಅದರಾಚೆ ಪಿರಿಯಾಪಟ್ಟಣ. ಬಲಕ್ಕೆ ತಿರುಗಿದರೆ ಕೆ.ಆರ್. ನಗರ. ರಸ್ತೆ ಕವಲೊಡೆದಂತೆ ನೀರಿನ ಲೆಕ್ಕವೂ ಇಲ್ಲಿಂದ ಬೇರೆಯಾಗುತ್ತದೆ. ಹುಣಸೂರಿನ ಕಡೆ ಹೊಗೆಸೊಪ್ಪು, ರಾಗಿ, ಮುಸುಕಿನ ಜೋಳದ ಕೆಂಪು ಮಣ್ಣು. ಬಹುಪಾಲು ಹೊಲಗಳಿಗೆ ಮಳೆಯೇ ಗತಿ. ಕೆ.ಆರ್. ನಗರದ ಕಡೆ ಕಾವೇರಿ ನಾಲೆಗಳ ಭತ್ತದ ಬಯಲು. ನಾಲೆಯಲ್ಲಿ ನೀರಿರುವಷ್ಟು ದಿನ ಗದ್ದೆಯಂಚಿನ ಗುಂಡಿಗಳೂ ಒಸರುತ್ತವೆ. ದಕ್ಷಿಣಕ್ಕೆ ಎಚ್.ಡಿ. ಕೋಟೆಯಲ್ಲಿ ಕಬಿನಿ, ನುಗು, ತಾರಕ, ಹೆಬ್ಬಳ್ಳ ಎಂದು ಜಲಾಶಯಗಳೇ ನಾಲ್ಕಿವೆ. ಆದರೂ ಎತ್ತರದ ಹೊಲದವರು ಮುಗಿಲು ನೋಡುವುದು ತಪ್ಪಿಲ್ಲ.

ಈ ನಾಲ್ಕು ತಾಲ್ಲೂಕುಗಳಲ್ಲಿ ಈಗ ಹೊಲಕ್ಕೊಂದು, ಹಿತ್ತಿಲಿಗೊಂದು ಹೊಂಡ ಕಾಣಸಿಗುತ್ತದೆ. 2014ರಲ್ಲಿ ಶುರುವಾದ ಕೃಷಿಭಾಗ್ಯ ಯೋಜನೆಯಲ್ಲಿ ತೋಡಿದ ಕೃಷಿ ಹೊಂಡಗಳಿವೆ, ತೋಟದ ಮನೆಯವರು ಸ್ವಂತ ಖರ್ಚಿನಲ್ಲಿ ಮಾಡಿಸಿಕೊಂಡವೂ ಇವೆ. ಆಷಾಢದ ಮಳೆಗೆ ಹೊಂಡ ತುಂಬುತ್ತಿದ್ದಂತೆ ಮನೆಮನೆಯಲ್ಲೂ ಒಂದೇ ಮಾತು: ನಾಲ್ಕು ಮೀನುಮರಿ ಬಿಡೋಣ. ಆಮೇಲೆ ಮರಿ ಮಾರುವ ಜಾಗಕ್ಕೆ ಹೋಗಿ ಕೇಳುವ ಮಾತೂ ಒಂದೇ: "ಸಾರ್, ಬೇಗ ದಪ್ಪ ಆಗೋ ಮೀನು ಯಾವ್ದೈತೆ, ಅದನ್ನೇ ಕೊಡಿ."

ಕೇಳುವವರ ಆಸೆ ಸಹಜ. ಆದರೆ ಬೇಗ ದಪ್ಪವಾಗುವುದು ಮೀನಿನ ಗುಣ ಮಾತ್ರವಲ್ಲ, ನೀರಿನ ಗುಣವೂ ಹೌದು. ಒಂದು ಹೊಂಡದಲ್ಲಿ ವರ್ಷಕ್ಕೆ ಕಿಲೋ ತೂಗುವ ಕಾಟ್ಲಾ, ಪಕ್ಕದ ಹೊಂಡದಲ್ಲಿ ಕಾಲು ಕಿಲೋಗೇ ನಿಂತುಬಿಡಬಹುದು. ಹಾಗಾಗಿ ಮೀನಿನ ಹೆಸರು ಹೇಳುವ ಮೊದಲು ನೀರಿನ ಬಗ್ಗೆ ನಾಲ್ಕು ಪ್ರಶ್ನೆ ಕೇಳಿಕೊಳ್ಳಬೇಕು. ನೀರು ಎಷ್ಟು ತಿಂಗಳು ನಿಲ್ಲುತ್ತದೆ? ಅದರೊಳಗೆ ತಿನ್ನಲು ಏನಿದೆ? ಬಿಟ್ಟ ಮೀನು ಅಲ್ಲೇ ಮರಿ ಮಾಡುತ್ತದೆಯೇ? ಹೊಂಡ ತುಂಬಿ ಹರಿದರೆ ಆ ನೀರು ಎಲ್ಲಿಗೆ ಹೋಗುತ್ತದೆ? ಕೊನೆಯದನ್ನು ಕೇಳುವವರು ಬಹಳ ಕಡಿಮೆ. ನಾಲ್ಕರಲ್ಲಿ ಅದೇ ದೊಡ್ಡದು.

ಎಷ್ಟು ತಿಂಗಳ ನೀರು?

ಒಂದು ಸಾಮಾನ್ಯ ಕೃಷಿ ಹೊಂಡದ ಲೆಕ್ಕ ಹಾಕೋಣ. ಉದ್ದ 12 ಮೀಟರ್, ಅಗಲ 12 ಮೀಟರ್, ಆಳ 3 ಮೀಟರ್. ಬದುಗಳು ಒಂದಕ್ಕೆ ಒಂದರಂತೆ ಇಳಿಜಾರಾಗಿದ್ದರೆ ತಳ 6 ಮೀಟರ್ ಚೌಕಕ್ಕೆ ಇಳಿಯುತ್ತದೆ. ತುಂಬಿದಾಗ ಅದರಲ್ಲಿ ಸುಮಾರು ಎರಡೂವರೆ ಲಕ್ಷ ಲೀಟರ್ ನೀರು ಹಿಡಿಯುತ್ತದೆ, ನೀರಿನ ಹರವು 144 ಚದರ ಮೀಟರ್, ಅಂದರೆ ಹೆಚ್ಚುಕಡಿಮೆ ಒಂದೂವರೆ ಗುಂಟೆ. ನೋಡಲು ಇದು ದೊಡ್ಡ ನೀರೇ. ಆದರೆ ದಿನಕ್ಕೆ ಸುಮಾರು ಅರ್ಧ ಸೆಂಟಿಮೀಟರ್ ಆವಿಯಾದರೂ ನೂರು ದಿನಕ್ಕೆ ಅರ್ಧ ಮೀಟರ್ ಇಳಿಯಿತು. ಮಳೆ ಕೈಕೊಟ್ಟಾಗ ಬೆಳೆಗೆ ಎರಡು ಸಲ ಮೋಟಾರು ಹಾಕಿದಿರಿ ಎನ್ನಿ, ಸಂಕ್ರಾಂತಿಯ ಹೊತ್ತಿಗೆ ಆಳ ಒಂದೂವರೆ ಮೀಟರಿಗೆ ಬಂದಿರುತ್ತದೆ. ಆಗ ನೀರಿನ ಹರವು 81 ಚದರ ಮೀಟರ್ ಮಾತ್ರ.

ಮೀನಿನ ಸಂಖ್ಯೆಯನ್ನು ಹೊಂಡ ತುಂಬಿದ ದಿನದ ನೀರಿಗೆ ಲೆಕ್ಕ ಹಾಕಿದರೆ ಎಡವಿದಂತೆ. ಸಂಕ್ರಾಂತಿಯ ನೀರಿಗೆ ಹಾಕಬೇಕು. ಗಾಳಿ ಊದುವ ಯಂತ್ರವಿಲ್ಲದ, ಮನೆಯ ತೌಡು–ಹಿಂಡಿಯಲ್ಲೇ ನಡೆಯುವ ಹೊಂಡಕ್ಕೆ ಚದರ ಮೀಟರಿಗೆ ಒಂದು ಬೆರಳುದ್ದದ ಮರಿ ಸಾಕು. ಹೆಕ್ಟೇರಿಗೆ ಐದರಿಂದ ಹತ್ತು ಸಾವಿರ ಮರಿ ಎಂಬ ಮೀನುಗಾರಿಕೆಯ ರೂಢಿಯ ಲೆಕ್ಕವೂ ಇದೇ ಅಳತೆಗೆ ಬಂದು ನಿಲ್ಲುತ್ತದೆ. ಅಂದರೆ ಈ ಹೊಂಡಕ್ಕೆ ಎಪ್ಪತ್ತು–ಎಂಬತ್ತು ಮರಿ. ಎಪ್ಪತ್ತು ಬಿಟ್ಟು ಮುಕ್ಕಾಲು ಪಾಲು ಉಳಿದು, ಒಂದೊಂದು 700 ಗ್ರಾಂ ತೂಗಿದರೆ 36 ಕಿಲೋ ಮೀನು ಸಿಗುತ್ತದೆ. ಇದು ಒಂದು ಸಂಸಾರ ಉಂಡು, ನೆಂಟರಿಗೆ ಕೊಟ್ಟು, ಮಿಕ್ಕಿದ್ದನ್ನು ಊರಲ್ಲೇ ಮಾರುವಷ್ಟು. ಐನೂರು ಮರಿ ಸುರಿದರೆ ಐನೂರು ಮೀನಾಗುವುದಿಲ್ಲ. ಉಸಿರಿಗೂ ಅನ್ನಕ್ಕೂ ಪೈಪೋಟಿ ಬಿದ್ದು ಎಲ್ಲವೂ ಕುಗ್ಗುತ್ತವೆ.

ತಿಂಗಳ ಲೆಕ್ಕ ಮೀನಿನ ಜಾತಿಯನ್ನೂ ನಿರ್ಧರಿಸುತ್ತದೆ. ಕಾಟ್ಲಾ, ರೋಹು, ಮೃಗಾಲ್ ಒಳ್ಳೆಯ ತೂಕಕ್ಕೆ ಬರಲು ಹತ್ತು–ಹನ್ನೆರಡು ತಿಂಗಳು ಬೇಕು. ನೀರು ಆರೇ ತಿಂಗಳು ನಿಲ್ಲುವ ಕಡೆ ರೋಹು ಬಿಟ್ಟು ಕಾಯುವುದರಲ್ಲಿ ಅರ್ಥವಿಲ್ಲ. ಸಾಮಾನ್ಯ ಗೆಂಡೆ ಅಂಥ ಹೊಂಡಕ್ಕೆ ಒಗ್ಗುತ್ತದೆ. ಇನ್ನೊಂದು ದಾರಿಯೂ ಇದೆ. ಹಿಂದಿನ ವರ್ಷ ಒತ್ತೊತ್ತಾಗಿ ಸಾಕಿ, ಬೆಳವಣಿಗೆ ತಡೆದು ಇಟ್ಟ ದೊಡ್ಡ ಮರಿಗಳನ್ನು ತಂದು ಬಿಡುವುದು. ಜಾಗವೂ ಮೇವೂ ಸಿಕ್ಕ ಕೂಡಲೇ ಅವು ಕಳೆದುಕೊಂಡ ಬೆಳವಣಿಗೆಯನ್ನು ಭರದಿಂದ ತುಂಬಿಕೊಳ್ಳುತ್ತವೆ. ಅಂಥ ಕಾಟ್ಲಾ ಮರಿಗೆ ಆರು ತಿಂಗಳ ನೀರೂ ಸಾಲುತ್ತದೆ.

ಯಾರ ಊಟ ಯಾವುದು?

ಕಾಟ್ಲಾದ ಬಾಯಿ ಮೇಲ್ಮುಖ. ಅದು ಮೇಲ್ಪದರದಲ್ಲಿ ತೇಲುವ ಸೂಕ್ಷ್ಮ ಪ್ರಾಣಿಗಳನ್ನು ಸೋಸಿ ತಿನ್ನುತ್ತದೆ. ರೋಹು ನಡುವಿನ ನೀರಿನದು. ಪಾಚಿ, ಕೊಳೆಯುತ್ತಿರುವ ಎಲೆದಂಟು ಅದಕ್ಕೆ ಪ್ರೀತಿ. ಮೃಗಾಲ್ ತಳದ ಕೆಸರಿನ ಕೊಳೆ ತಿನ್ನುತ್ತದೆ. ಮೂರನ್ನೂ ಕೂಡಿಸಿ ಬಿಟ್ಟರೆ ಒಂದರ ತಟ್ಟೆಗೆ ಇನ್ನೊಂದು ಕೈ ಹಾಕುವುದಿಲ್ಲ. ರಾಗಿ ಹೊಲದಲ್ಲಿ ಅವರೆ, ತೊಗರಿ, ಹುಚ್ಚೆಳ್ಳಿನ ಅಕ್ಕಡಿ ಸಾಲು ಇಡುತ್ತ ಬಂದ ನಮ್ಮ ಸೀಮೆಯ ರೈತರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಮಿಶ್ರ ಮೀನು ಸಾಕಣೆ ಎಂಬುದು ನೀರಿನೊಳಗಿನ ಅಕ್ಕಡಿ. ಮೇಲಿನ ಪದರಕ್ಕೆ ನೂರಕ್ಕೆ ನಲವತ್ತು, ನಡುವಿಗೆ ಮೂವತ್ತು, ತಳಕ್ಕೆ ಮೂವತ್ತು ಎಂಬುದು ಒಂದು ಒಳ್ಳೆಯ ಆರಂಭದ ಲೆಕ್ಕ.

ಮೀನನ್ನು ಅದರ ಊಟದಿಂದ ಗುರುತಿಸುವ ಬುದ್ಧಿ ನಮ್ಮ ನಾಡಿಗೆ ಹೊಸದಲ್ಲ. ಕಲ್ಯಾಣದ ಚಾಲುಕ್ಯ ಅರಸ ಮೂರನೆಯ ಸೋಮೇಶ್ವರ ಸುಮಾರು 1130ರಲ್ಲಿ ಸಂಸ್ಕೃತದಲ್ಲಿ ರಚಿಸಿದ ಮಾನಸೋಲ್ಲಾಸದಲ್ಲಿ ಮತ್ಸ್ಯವಿನೋದ ಎಂಬ ಭಾಗವಿದೆ. ಮೀನುಗಳನ್ನು ಹೊಳೆಯವು, ಕಡಲಿನವು, ಹುರುಪೆ ಇರುವವು, ಇಲ್ಲದವು ಎಂದು ಅಲ್ಲಿ ವಿಂಗಡಿಸಿದೆ. ಯಾವುದಕ್ಕೆ ಯಾವ ತಿನಿಸು ಎಂದೂ ಹೇಳಿದೆ. ಪ್ರಸಿದ್ಧ ಮೀನು ವಿಜ್ಞಾನಿ ಸುಂದರ್ ಲಾಲ್ ಹೋರಾ 1951ರಲ್ಲಿ ಈ ಭಾಗದ ಮೇಲೆ ವಿವರವಾದ ಪ್ರಬಂಧ ಬರೆದರು.

ನಮ್ಮ ಕೃಷಿ ಹೊಂಡಗಳಲ್ಲಿ ಒಂದು ತೊಡಕಿದೆ. ಹುಣಸೂರು ಸೀಮೆಯ ಕೆಂಪು ಮಣ್ಣು ನೀರು ಕುಡಿಯುತ್ತದೆ, ಅದಕ್ಕೇ ಹೊಂಡಕ್ಕೆ ಪ್ಲಾಸ್ಟಿಕ್ ಹಾಳೆ ಹಾಸುತ್ತಾರೆ. ಹಾಳೆಯ ಮೇಲೆ ಕೆಸರಿಲ್ಲ, ಕೆಸರಿಲ್ಲದೆ ಹುಳುವಿಲ್ಲ, ತಳದ ಮೀನಿಗೆ ಮೇವಿಲ್ಲ. ಅಂಥ ಹೊಂಡಕ್ಕೆ ಮೃಗಾಲ್ ಬಿಟ್ಟರೆ ಅದು ನೀವು ಹಾಕುವ ಹಿಂಡಿಯನ್ನೇ ನಂಬಿ ಬದುಕಬೇಕು. ತಳಕ್ಕೆ ಅರ್ಧ ಅಡಿ ಜರಡಿ ಹಿಡಿದ, ಕಲ್ಲಿಲ್ಲದ ಮಣ್ಣು ಹರಡಿದರೆ ಈ ಕೊರತೆ ಬಹುಪಾಲು ನೀಗುತ್ತದೆ. ಅದು ಆಗದಿದ್ದರೆ ತಳದ ಪಾಲು ಕಡಿಮೆ ಮಾಡಿ, ಕಾಟ್ಲಾ–ರೋಹು ಹೆಚ್ಚಿಸುವುದು ಮೇಲು.

ನೀರಿಗೆ ಹದ ಬಂದಿದೆಯೇ ಎಂದು ನೋಡಲು ಉಪಕರಣ ಬೇಕಿಲ್ಲ. ಬಿಸಿಲೇರಿದ ಮೇಲೆ ಅಂಚಿನಲ್ಲಿ ಭದ್ರವಾಗಿ ಕುಳಿತು ಮೊಣಕೈವರೆಗೆ ಕೈ ಮುಳುಗಿಸಿ. ನೀರು ಮೊಣಕೈ ಮುಟ್ಟುವ ಹೊತ್ತಿಗೆ ಅಂಗೈ ಮಸುಕಾಗಿ ಮರೆಯಾದರೆ ಹಸಿರು ಹದವಾಗಿದೆ. ಮಣಿಕಟ್ಟು ಮುಳುಗುವಷ್ಟರಲ್ಲೇ ಅಂಗೈ ಕಾಣದಾದರೆ ಗೊಬ್ಬರ ಹೆಚ್ಚಾಗಿದೆ, ನಿಲ್ಲಿಸಿ. ಮೊಣಕೈ ದಾಟಿದರೂ ಬೆರಳು ಎಣಿಸಬಹುದಾದರೆ ಮೀನಿಗೆ ಮೇವು ಹುಟ್ಟಿಲ್ಲ. ಶುರುವಿಗೆ ಗುಂಟೆಗೆ ಎರಡೂವರೆ ಕಿಲೋ ಸುಣ್ಣ, ವಾರ ಬಿಟ್ಟು ಇಪ್ಪತ್ತು–ಮೂವತ್ತು ಕಿಲೋ ಕೊಟ್ಟಿಗೆಯ ಸಗಣಿ ಹಾಕಿದರೆ ಎರಡು ವಾರದಲ್ಲಿ ನೀರು ಹಸಿರಾಗುತ್ತದೆ. ಹೊಂಡದಲ್ಲಿ ಹಳೆಯ ನೀರಿದ್ದು ಅದರಲ್ಲಿ ಬಾಳೆ ಮೀನಿನಂಥ ಬೇಟೆಗಾರ ಮೀನಿದ್ದರೆ ಮರಿಗಳನ್ನು ಅದೇ ನುಂಗಿಹಾಕುತ್ತದೆ. ಮೊದಲು ಹೊಂಡ ಒಣಗಿಸಬೇಕು. ಒಣಗದಿದ್ದರೆ ಹಿಪ್ಪೆ ಹಿಂಡಿ ಹಾಕುವುದು ಹಳೆಯ ಉಪಾಯ. ಅದರ ಸಪೋನಿನ್ ಮೀನನ್ನು ಕೊಂದು, ಎರಡು–ಮೂರು ವಾರದಲ್ಲಿ ವಿಷ ಕಳೆದು ಗೊಬ್ಬರವಾಗುತ್ತದೆ.

ಉಣಿಸಲು ಅಕ್ಕಿ ತೌಡು, ಕಡಲೆಕಾಯಿ ಹಿಂಡಿ ಸಮಸಮ ಬೆರೆಸಿದರೆ ಸಾಕು. ಹೊಂಡದಲ್ಲಿರುವ ಮೀನಿನ ಒಟ್ಟು ತೂಕದ ನೂರಕ್ಕೆ ಮೂರು ಪಾಲು ದಿನದ ಊಟ. ಐವತ್ತು ಮೀನು 300 ಗ್ರಾಂ ಹತ್ತಿರ ಬೆಳೆದಾಗ ದಿನಕ್ಕೆ ಅರ್ಧ ಕಿಲೋ ಆಗುತ್ತದೆ. ಬೆಳಗಿನ ಜಾವ ಮೀನುಗಳು ಮೇಲೆ ಬಂದು ಬಾಯಿ ಬಿಡುತ್ತಿದ್ದರೆ ಹಸಿವೆಂದು ತಿಳಿದು ಇನ್ನಷ್ಟು ಹಾಕಬೇಡಿ. ಪಾಚಿ ಹಗಲಿನಲ್ಲಿ ಆಮ್ಲಜನಕ ಕೊಡುತ್ತದೆ, ರಾತ್ರಿ ಅದನ್ನೇ ಉಸಿರಾಡಿ ಮುಗಿಸುತ್ತದೆ. ಸೂರ್ಯ ಹುಟ್ಟುವ ಮೊದಲಿನ ಹೊತ್ತು ಮೀನಿಗೆ ಅತಿ ಕಷ್ಟದ್ದು. ಆಗ ಊಟ, ಗೊಬ್ಬರ ಎರಡನ್ನೂ ನಿಲ್ಲಿಸಿ, ಮೋಟಾರಿನ ನೀರನ್ನು ಎತ್ತರದಿಂದ ಹೊಂಡಕ್ಕೇ ಬೀಳಿಸಿ.

ಮರಿ ಮಾಡುವವು, ಮಾಡದವು

ಕಾಟ್ಲಾ, ರೋಹು, ಮೃಗಾಲ್ ಮೂರೂ ಗಂಗೆ ಮತ್ತು ಉತ್ತರದ ನದಿಗಳ ಮೀನುಗಳು. ಮಳೆಗಾಲದ ಪ್ರವಾಹದಲ್ಲಿ ಮೊಟ್ಟೆಯಿಡುವ ಇವು ನಿಂತ ನೀರಿನಲ್ಲಿ ಮರಿ ಮಾಡುವುದಿಲ್ಲ. ಹಿಂದೆ ಮರಿ ಬೇಕಾದವರು ಹೊಳೆಯಿಂದಲೇ ಬಾಚಿ ತರಬೇಕಿತ್ತು, ಬೇಡದ ಜಾತಿಗಳೂ ಅದರೊಂದಿಗೆ ಬರುತ್ತಿದ್ದವು. 1957ರ ಜುಲೈ 10ರಂದು ಒಡಿಶಾದ ಅಂಗುಲ್‌ನಲ್ಲಿ ಹೀರಾಲಾಲ್ ಚೌಧುರಿ ಅವರು ಪಿಟ್ಯುಟರಿ ಗ್ರಂಥಿಯ ರಸವನ್ನು ಚುಚ್ಚಿ ಗೆಂಡೆ ಜಾತಿಯ ಮೀನುಗಳಿಂದ ಮೊಟ್ಟೆಯಿಡಿಸಿದರು. ಬಿಳಿಕೆರೆಯ ರೈತನ ಕೈಗೆ ಇಂದು ಗಂಗೆಯ ಮೀನಿನ ಮರಿ ಪ್ಲಾಸ್ಟಿಕ್ ಚೀಲದಲ್ಲಿ ಬರುತ್ತಿರುವುದು ಆ ದಿನದ ಫಲ. ದೇಶದಲ್ಲಿ ಜುಲೈ 10 ಮೀನು ಕೃಷಿಕರ ದಿನವಾಗಿದ್ದೂ ಅದಕ್ಕೇ. ಭುವನೇಶ್ವರದ ಸಿಹಿನೀರು ಜಲಕೃಷಿ ಸಂಸ್ಥೆ ನಾರ್ವೆಯ ವಿಜ್ಞಾನಿಗಳ ಜೊತೆ ಸೇರಿ ಆಯ್ದ ತಳಿಗಳಿಂದ ಬೆಳೆಸಿದ ಜಯಂತಿ ರೋಹು ಸ್ವಾತಂತ್ರ್ಯದ ಐವತ್ತನೆಯ ವರ್ಷವಾದ 1997ರಲ್ಲಿ ಬಂತು. ಸಿಕ್ಕರೆ ಹೊಂಡಕ್ಕೆ ಬಿಡಬೇಕಾದ ರೋಹು ಅದು.

ಪ್ರತಿ ವರ್ಷ ಮರಿ ಕೊಳ್ಳಬೇಕಲ್ಲ ಎಂದು ಬೇಸರಪಡುವವರಿದ್ದಾರೆ. ನಿಜವಾಗಿ ಅದು ಲಾಭ. ಎಪ್ಪತ್ತು ಬಿಟ್ಟರೆ ಎಪ್ಪತ್ತೇ ಇರುತ್ತವೆ, ಹಾಕಿದ ಹಿಂಡಿ ಅವುಗಳ ಮೈಗೇ ಹತ್ತುತ್ತದೆ. ಹೊಂಡದಲ್ಲೇ ಮರಿ ಮಾಡುವ ಮೀನಿನ ಕಥೆ ಬೇರೆ. 1952ರಲ್ಲಿ ಭಾರತಕ್ಕೆ ತಂದ ಮೊಜಾಂಬಿಕ್ ತಿಲಾಪಿಯಾ, ನಮ್ಮ ಕಡೆ ಜಿಲೇಬಿ ಎಂದು ಕರೆಯುವ ಮೀನು, ಎರಡು–ಮೂರು ತಿಂಗಳಿಗೇ ಪ್ರಾಯಕ್ಕೆ ಬರುತ್ತದೆ. ತಾಯಿ ಮರಿಗಳನ್ನು ಬಾಯೊಳಗಿಟ್ಟು ಕಾಯುವುದರಿಂದ ಅವು ಹೆಚ್ಚು ಉಳಿಯುತ್ತವೆ. ವರ್ಷ ತುಂಬುವಷ್ಟರಲ್ಲಿ ಹೊಂಡದ ತುಂಬ ಅಂಗೈಗಿಂತ ಸಣ್ಣ ಮೀನು, ಒಂದೂ ದಪ್ಪವಾಗುವುದಿಲ್ಲ. 1959ರಲ್ಲೇ ಇದನ್ನು ಹರಡಬಾರದೆಂದು ದೇಶದ ಮೀನುಗಾರಿಕಾ ಸಂಶೋಧನಾ ಸಮಿತಿ ತೀರ್ಮಾನಿಸಿತ್ತು. ಆದರೂ ಅದು ಕೆರೆಕೆರೆಗೂ ಹಬ್ಬಿತು. ಈಗ ಮಾರುಕಟ್ಟೆಯಲ್ಲಿ ಹೆಸರಾಗಿರುವ ಗಿಫ್ಟ್ ತಿಲಾಪಿಯಾ ಬೇರೆ ಜಾತಿ, ವೇಗವಾಗಿ ಬೆಳೆಯುವಂತೆ ಆಯ್ದ ತಳಿ. ಅದನ್ನು ಗಂಡು ಮರಿ ಮಾತ್ರ ಎಂಬ ಖಾತರಿಯೊಂದಿಗೆ, ಇಲಾಖೆಯ ಅನುಮತಿ ಪಡೆದು, ನೀರು ಹೊರಹೋಗದ ಏರ್ಪಾಡಿನಲ್ಲಿ ಸಾಕಬೇಕು. ಹಿತ್ತಿಲ ಹೊಂಡಕ್ಕೆ ಇಷ್ಟು ಕಟ್ಟುಪಾಡು ಹೊಂದುವುದು ಕಷ್ಟ.

ಸಾಮಾನ್ಯ ಗೆಂಡೆಯೂ ನಿಂತ ನೀರಿನಲ್ಲಿ ಮರಿ ಮಾಡುತ್ತದೆ. ಅಂಟು ಮೊಟ್ಟೆಗಳನ್ನು ಜೊಂಡು, ಹುಲ್ಲಿನ ಮೇಲೆ ಇಡುತ್ತದೆ. ಹಳೆಯ ತಳಿಯ ದೋಷವೆಂದರೆ ಆರು ತಿಂಗಳಿಗೇ ಪ್ರಾಯಕ್ಕೆ ಬಂದು, ಮೈಗೆ ಹತ್ತಬೇಕಾದ ಮೇವನ್ನೆಲ್ಲ ಮೊಟ್ಟೆಗೆ ಸುರಿಯುವುದು. ಇದಕ್ಕೆ ಪರಿಹಾರ ಹುಡುಕಿದ್ದು ನಮ್ಮ ಹೆಸರಘಟ್ಟದಲ್ಲಿ. ಹಂಗೇರಿಯಿಂದ ತಂದ ಅಮೂರ್ ತಳಿಯನ್ನು ಅಲ್ಲಿನ ಮೀನುಗಾರಿಕಾ ಸಂಶೋಧನಾ ಮತ್ತು ಮಾಹಿತಿ ಕೇಂದ್ರದಲ್ಲಿ ಸ್ಥಳೀಯ ತಳಿಯ ಜೊತೆ ಬೆಳೆಸಿ ನೋಡಿದರು. ಅಮೂರ್ ತಡವಾಗಿ ಪ್ರಾಯಕ್ಕೆ ಬಂತು, ಹೆಚ್ಚು ತೂಗಿತು. ಆರು–ಏಳು ತಿಂಗಳ ನೀರಿನ ಹುಣಸೂರು ಸೀಮೆಗೆ ಇಂಥ ಗೆಂಡೆಯೇ ತಕ್ಕದ್ದು. ಒಂದು ಎಚ್ಚರ: ಗೆಂಡೆ ತಳ, ಬದುಗಳನ್ನು ಮೂತಿಯಿಂದ ಕೆದಕುತ್ತದೆ. ಹಾಳೆ ಇಲ್ಲದ ಮಣ್ಣಿನ ಹೊಂಡದಲ್ಲಿ ಅದರ ಪಾಲು ಹೆಚ್ಚಾದರೆ ಬದು ಕುಸಿಯುತ್ತದೆ, ನೀರು ಸದಾ ಕೆಂಪಗೆ ಕಲಕಿರುತ್ತದೆ.

ಹುಲ್ಲುಗೆಂಡೆ ಮತ್ತು ಬೆಳ್ಳಿಗೆಂಡೆ 1959ರಲ್ಲಿ ದೇಶಕ್ಕೆ ಬಂದ ಹೊರಗಿನವು. ಜಲಕಳೆ ಕಟ್ಟಿಕೊಂಡ ಹೊಂಡದಲ್ಲಿ ಐದಾರು ಹುಲ್ಲುಗೆಂಡೆ ಒಳ್ಳೆಯ ಕೆಲಸಗಾರರು. ಕಳೆ ಮುಗಿದ ಮೇಲೆ ನೇಪಿಯರ್ ಹುಲ್ಲು, ಕೋಸಿನ ಹೊರ ಎಲೆ ಹಾಕಬಹುದು. ಬೆಳ್ಳಿಗೆಂಡೆ ಬೇಗ ಬೆಳೆದರೂ ಬಲೆಯಲ್ಲೇ ಸಾಯುತ್ತದೆ, ಬೇಗ ಕೆಡುತ್ತದೆ, ಮೇಲ್ಪದರದಲ್ಲಿ ಕಾಟ್ಲಾದ ಜಾಗ ಒತ್ತರಿಸುತ್ತದೆ. ಒಂದೂವರೆ ಗುಂಟೆಯ ಹೊಂಡಕ್ಕೆ ಅದು ಬೇಡ.

ಹೊಗೆಸೊಪ್ಪಿನ ನಾಡಿನ ಎಚ್ಚರ

ಬೇರೆ ಜಿಲ್ಲೆಗಳ ಮೀನು ಸಾಕಣೆಯ ಕೈಪಿಡಿಗಳಲ್ಲಿ ಇರದ ಒಂದು ಮಾತನ್ನು ಹುಣಸೂರು, ಪಿರಿಯಾಪಟ್ಟಣ, ಕೋಟೆಯವರು ನೆನಪಿಡಬೇಕು. ಹೊಗೆಸೊಪ್ಪಿನ ನಿಕೋಟಿನ್ ಮೀನಿಗೆ ವಿಷ. ಫಿಲಿಪ್ಪೀನ್ಸ್‌ನಲ್ಲಿ ಮೀನಿನ ಕೊಳ ಸಿದ್ಧಮಾಡುವಾಗ ಬೇಡದ ಮೀನು, ಬಸವನಹುಳುಗಳನ್ನು ಕೊಲ್ಲಲು ಹೊಗೆಸೊಪ್ಪಿನ ಪುಡಿಯನ್ನೇ ಬಳಸುತ್ತಾರೆ. ನಮ್ಮಲ್ಲಿ ಸೊಪ್ಪು ಹದಮಾಡುವ ಬ್ಯಾರನ್ ಪಕ್ಕ ಬಿದ್ದ ಸೊಪ್ಪಿನ ಪುಡಿ, ಮುರಿದ ಎಲೆ, ಕಿತ್ತ ಕಡ್ಡಿ ಮಳೆನೀರಿನಲ್ಲಿ ನೆನೆದು ಹೊಂಡಕ್ಕೆ ಇಳಿದರೆ ಅದೇ ಕೆಲಸ ಮಾಡುತ್ತದೆ. ಸಸಿ ಮಡಿಗೆ, ಹೊಲಕ್ಕೆ ಹೊಡೆದ ಕೀಟನಾಶಕ ಇನ್ನೂ ಕ್ರೂರ.

ಆದ್ದರಿಂದ ಮೇ–ಜೂನಿನ ಮೊದಲ ಮಳೆಗಳ ನೀರನ್ನು ಮೀನಿನ ಹೊಂಡಕ್ಕೆ ತಿರುಗಿಸಬೇಡಿ. ಹೊಲ ತೊಳೆದ ಆ ನೀರು ಬದಿಗೆ ಹೋಗಲಿ. ಮರಿ ಬಿಡುವುದನ್ನು ಜುಲೈ, ಆಗಸ್ಟಿಗೆ ಇಟ್ಟುಕೊಳ್ಳಿ. ಬಲಿತ ಮರಿ ಸಿಗುವ ಕಾಲವೂ ಅದೇ. ಔಷಧಿ ಹೊಡೆಯುವ ಕ್ಯಾನನ್ನು ಹೊಂಡದಲ್ಲಿ ತೊಳೆಯುವುದು ಒಂದೇ ಸಂಜೆಯಲ್ಲಿ ಆರು ತಿಂಗಳ ಕೆಲಸ ಹಾಳು ಮಾಡುತ್ತದೆ. ಮನೆಮಂದಿಗೆಲ್ಲ, ಕೂಲಿಗೆ ಬರುವವರಿಗೂ, ಇದನ್ನು ಬಾಯಿಬಿಟ್ಟು ಹೇಳಬೇಕು.

ಇದಕ್ಕಿಂತ ಮುಖ್ಯವಾದ ಎಚ್ಚರ ಮಕ್ಕಳದು. ಪ್ಲಾಸ್ಟಿಕ್ ಹಾಳೆಯ ಇಳಿಜಾರಿನಲ್ಲಿ ಪಾಚಿ ಕಟ್ಟಿದರೆ ಈಜು ಬಲ್ಲ ದೊಡ್ಡವರೂ ಹತ್ತಿ ಬರಲಾರರು. ಮೀನು ಬಿಟ್ಟ ಹೊಂಡ ಮಕ್ಕಳನ್ನು ಸೆಳೆಯುತ್ತದೆ. ಸುತ್ತ ಬೇಲಿ, ಅದಕ್ಕೆ ಬೀಗದ ಬಾಗಿಲು, ನೀರಿನವರೆಗೆ ಇಳಿಬಿಟ್ಟ ಗಂಟು ಹಾಕಿದ ದಪ್ಪ ಹಗ್ಗ ಎರಡು ಕಡೆ. ಇಷ್ಟು ಆಗುವ ತನಕ ಮರಿ ತರುವ ಮಾತೇ ಬೇಡ.

ಹೊಂಡ ತುಂಬಿ ಹರಿದರೆ

ಹುಣಸೂರಿನ ಹೊಂಡ ತುಂಬಿ ಹರಿದ ನೀರು ಹಳ್ಳ ಹಿಡಿದು ಲಕ್ಷ್ಮಣತೀರ್ಥಕ್ಕೆ, ಅಲ್ಲಿಂದ ಕನ್ನಂಬಾಡಿ ಕಟ್ಟೆಯ ಹಿನ್ನೀರಿಗೆ ಸೇರುತ್ತದೆ. ಕೆ.ಆರ್. ನಗರದ್ದು ಕಾವೇರಿಗೆ. ಕೋಟೆಯದು ಕಬಿನಿಗೆ, ಕಬಿನಿ ತಿರುಮಕೂಡಲಿನಲ್ಲಿ ಕಾವೇರಿಗೆ. ಹಿತ್ತಿಲಲ್ಲಿ ಬಿಟ್ಟ ಮೀನು ಒಂದು ಜೋರು ಮಳೆಯ ರಾತ್ರಿ ಕಾವೇರಿಯ ಮೀನಾಗಬಹುದು. ಕೊಳದ ಮೀನು ಹೀಗೆ ದೊಡ್ಡ ನೀರು ಸೇರಿದ ಉದಾಹರಣೆ ಹಿಮಾಚಲದಲ್ಲಿದೆ. 1971ರಲ್ಲಿ ಅಲ್ಲಿನ ಮೀನು ಸಾಕಣಾ ಕೇಂದ್ರವೊಂದರಿಂದ ಬೆಳ್ಳಿಗೆಂಡೆ ಅಕಸ್ಮಾತ್ ಗೋಬಿಂದ್ ಸಾಗರ ಜಲಾಶಯ ಸೇರಿತು. ಮುಂದಿನ ವರ್ಷಗಳಲ್ಲಿ ಅದೇ ಅಲ್ಲಿನ ಮುಖ್ಯ ಮೀನಾಯಿತು, ಕಾಟ್ಲಾ ಕುಸಿಯಿತು.

ನಮ್ಮ ಕಾವೇರಿಯಲ್ಲಿ ಆದದ್ದು ಇನ್ನೂ ನೋವಿನ ಸಂಗತಿ. ಹೊಳೆಯವರು ಬಿಳಿಮೀನು ಎನ್ನುವ ಮಹಶೀರ್‌ಗಳಲ್ಲಿ ಡುಬ್ಬದ ಬೆನ್ನಿನ ಒಂದು ಜಾತಿ ಕಾವೇರಿ ಕೊಳ್ಳದಲ್ಲಲ್ಲದೆ ಲೋಕದಲ್ಲಿ ಬೇರೆಲ್ಲೂ ಇಲ್ಲ. ಐವತ್ತು ಕಿಲೋ ಮೀರಿ ತೂಗುತ್ತಿದ್ದ ಮೀನು ಅದು. ಮಹಶೀರ್ ಕಡಿಮೆಯಾಗುತ್ತಿದೆ ಎಂದು ಕಳಕಳಿಯಿಂದಲೇ ಲೋನಾವಳದ ಮರಿ ಕೇಂದ್ರದಲ್ಲಿ ಬೆಳೆಸಿದ ನೀಲಿ ರೆಕ್ಕೆಯ ಮಹಶೀರ್ ಮರಿಗಳನ್ನು ತಂದು ಕಾವೇರಿಗೆ ಬಿಟ್ಟರು. ತಂದದ್ದು ಬೇರೆ ಜಾತಿ. ಅದು ಹೊಳೆ ತುಂಬ ಹಬ್ಬಿತು, ಡುಬ್ಬದ ಮಹಶೀರ್ ಕಾಣದಾಗುತ್ತ ಬಂತು. ಅದರ ಸರಿಯಾದ ವೈಜ್ಞಾನಿಕ ಹೆಸರು ಟಾರ್ ರೆಮಾದೇವಿ ಎಂದು ಗೊತ್ತಾದದ್ದು 2018ರಲ್ಲಿ. ಅದೇ ವರ್ಷ ಅದು ಅಳಿವಿನ ಅತಿ ಗಂಭೀರ ಅಂಚಿನಲ್ಲಿರುವ ಜೀವಿಗಳ ಪಟ್ಟಿ ಸೇರಿತು. ಹೆಸರು ಗೊತ್ತಾಗುವ ಹೊತ್ತಿಗೆ ಮೀನೇ ಮುಗಿಯುತ್ತ ಬಂದಿತ್ತು. ತಿಳಿದವರು, ಒಳ್ಳೆಯ ಮನಸ್ಸಿನಿಂದ ಮಾಡಿದ ಕೆಲಸವೇ ಹೀಗಾಗುವುದಾದರೆ, ಲೆಕ್ಕವಿಲ್ಲದೆ ಬಿಟ್ಟ ಮೀನಿನಿಂದ ಏನೇನು ಆಗಬಹುದು ಎಂದು ಯೋಚಿಸಬೇಕು.

ಹೀಗಾಗಿ ಆಫ್ರಿಕನ್ ಕ್ಯಾಟ್‌ಫಿಶ್ ಬಗ್ಗೆ ಎರಡು ಮಾತಿಲ್ಲ. ಅದರ ಸಾಕಣೆ ಭಾರತದಲ್ಲಿ ನಿಷಿದ್ಧ. ಗಾಳಿಯನ್ನೇ ಉಸಿರಾಡಬಲ್ಲ ಈ ಮೀನು ಒದ್ದೆ ನೆಲದ ಮೇಲೆ ತೆವಳಿ ಒಂದು ನೀರಿನಿಂದ ಇನ್ನೊಂದಕ್ಕೆ ಹೋಗುತ್ತದೆ, ಎದುರು ಸಿಕ್ಕ ಮೀನು, ಕಪ್ಪೆಗಳನ್ನು ನುಂಗುತ್ತದೆ. ಕೋಳಿ ಅಂಗಡಿಯ ತ್ಯಾಜ್ಯ ಹಾಕಿದರೂ ಬೆಳೆಯುತ್ತದೆ ಎಂಬ ಆಸೆಗೆ ಕದ್ದುಮುಚ್ಚಿ ಸಾಕುವವರಿಂದ ಅದು ಕೆರೆಗಳಿಗೆ ಹೊಕ್ಕಿದೆ. ನಮ್ಮ ಕೆರೆಗಳ ಪಕ್ಕೆ, ಸಾಸಲು, ನಾಡಿನ ಚೇಳುಮೀನು ಎಲ್ಲಕ್ಕೂ ಇದು ಕುತ್ತು.

ನೀರು ಹೊರಹೋಗುವ ತೂಬಿಗೆ ಸೊಳ್ಳೆಪರದೆಯಂಥ ಸಣ್ಣ ಕಣ್ಣಿನ ಜಾಲರಿ, ಬದುವಿನ ಮೇಲೆ ಒಂದೂವರೆ ಅಡಿ ಬಲೆಯ ಗೋಡೆ. ಖರ್ಚು ಹೆಚ್ಚಲ್ಲ. ಕಾಟ್ಲಾ, ರೋಹುಗಳೂ ಕಾವೇರಿಗೆ ಹೊರಗಿನವೇ ಆದ್ದರಿಂದ ಯಾವ ಮೀನು ಬಿಟ್ಟರೂ ಇದು ಬೇಕು.

ಮನೆ ಮುಂದಿನ ಪುಟ್ಟ ಕೊಳ

ಉಣ್ಣಲಲ್ಲ, ನೋಡಲೆಂದು ತಾವರೆ ಕೊಳ ಮಾಡಿಕೊಂಡವರಿಗೆ ಸೊಳ್ಳೆಯದೇ ಚಿಂತೆ. ಸೊಳ್ಳೆ ಮರಿ ತಿನ್ನಲೆಂದು 1928ರ ಹೊತ್ತಿಗೆ ಭಾರತಕ್ಕೆ ತಂದ ಗ್ಯಾಂಬೂಸಿಯಾ, ಅದಕ್ಕೂ ಮೊದಲೇ ಬಂದ ಗಪ್ಪಿ ಎರಡೂ ಅಮೆರಿಕ ಖಂಡದವು. ಮಲೇರಿಯಾ ತಡೆಯುವಲ್ಲಿ ಅವು ನೆರವಾಗಿವೆ. ಮುಚ್ಚಿದ ತೊಟ್ಟಿ, ಹರಿಯದ ಬಾವಿಗೆ ಗಪ್ಪಿ ಸರಿ. ಆದರೆ ಹಳ್ಳಕ್ಕೆ ಹರಿಯುವ ಕೊಳಕ್ಕೆ ಗ್ಯಾಂಬೂಸಿಯಾ ಬೇಡ. ಅದು ಕಪ್ಪೆಯ ಮೊಟ್ಟೆ, ಮರಿಗಳನ್ನೂ ಬಿಡುವುದಿಲ್ಲ. ನಮ್ಮದೇ ಹಳ್ಳ, ಗದ್ದೆ ಕಾಲುವೆಗಳಲ್ಲಿ ನೀರಿನ ಮೇಲ್ಮೈಯಲ್ಲೇ ಓಡಾಡುವ ಪಟ್ಟೆ ಮೈಯ ಪಂಚಾಕ್ಸ್ ಇದೆ. ಸೊಳ್ಳೆ ಮರಿ ಅದಕ್ಕೂ ಇಷ್ಟದ ಊಟ, ನೋಡಲೂ ಅಂದ. ಹತ್ತಿರದ ಹಳ್ಳದ ಮೀನು ಹತ್ತಿರದ ಕೊಳಕ್ಕೆ ಬಂದರೆ ಹೊರಗೆ ಹೋದರೂ ಯಾರಿಗೂ ಕೇಡಿಲ್ಲ.

ನಾಲ್ಕು ಹೊಂಡ, ನಾಲ್ಕು ಆಯ್ಕೆ

ಹುಣಸೂರು, ಬಿಳಿಕೆರೆ ಸುತ್ತಿನ ಹಾಳೆ ಹಾಸಿದ, ಆರು–ಏಳು ತಿಂಗಳ ನೀರಿನ ಹೊಂಡ: ತಳಕ್ಕೆ ಮಣ್ಣು ಹರಡಿ, ಅಮೂರ್ ಗೆಂಡೆ ಅರ್ಧ ಪಾಲು, ಉಳಿದರ್ಧ ದೊಡ್ಡ ಕಾಟ್ಲಾ ಮರಿ. ಮಾಘ, ಫಾಲ್ಗುಣದ ಒಳಗೆ ಹಿಡಿದು ಮುಗಿಸಬೇಕು.

ಕೆ.ಆರ್. ನಗರದ ನಾಲೆ ಬಯಲಿನ, ವರ್ಷವಿಡೀ ಐದು ಅಡಿ ನೀರು ನಿಲ್ಲುವ ಮಣ್ಣಿನ ಹೊಂಡ: ಕಾಟ್ಲಾ ನಲವತ್ತು, ರೋಹು ಮೂವತ್ತು, ಮೃಗಾಲ್ ಮೂವತ್ತರ ಪೂರ್ಣ ಅಕ್ಕಡಿ. ಗದ್ದೆಗೆ ಔಷಧಿ ಹೊಡೆದ ವಾರ ಆ ನೀರು ಒಳಗೆ ಬರದಂತೆ ನೋಡಿಕೊಳ್ಳಬೇಕು.

ಪಿರಿಯಾಪಟ್ಟಣದ ಮಲೆನಾಡಿನಂಚಿನ, ಕಳೆ ಬೆಳೆಯುವ ಹೊಂಡ: ಮೇಲಿನ ಮೂರರ ಜೊತೆ ನೂರಕ್ಕೆ ಐದರಿಂದ ಹತ್ತು ಹುಲ್ಲುಗೆಂಡೆ. ಅಲ್ಲಿ ಮಳೆ ಹೆಚ್ಚು, ತೂಬಿನ ಜಾಲರಿಯಲ್ಲಿ ಎಲೆ ಕಟ್ಟಿಕೊಂಡು ನೀರು ಬದು ಮೀರುವುದು ಸುಲಭ. ಮಳೆ ಬಿದ್ದ ದಿನವೆಲ್ಲ ಅದನ್ನು ಬಿಡಿಸಬೇಕು.

ಎಚ್.ಡಿ. ಕೋಟೆಯ ಕಾಡಂಚಿನ ಹೊಂಡ: ಆನೆ ನೀರಿಗೆ ಬರುವ ಕಡೆ, ನೀರುನಾಯಿ ಸುಳಿಯುವ ಹೊಳೆಯ ಬಳಿ, ಹೆಚ್ಚು ಹೂಡಿಕೆ ಬೇಡ. ರೋಹು, ಕಾಟ್ಲಾ ಕಡಿಮೆ ಸಂಖ್ಯೆಯಲ್ಲಿ ಬಿಟ್ಟು ಮನೆಯ ಊಟಕ್ಕೆ ಇಟ್ಟುಕೊಳ್ಳುವುದು ಜಾಣತನ. ಕಬಿನಿಯಲ್ಲಿ ಇನ್ನೂ ಉಳಿದಿರುವ ನಾಡಿನ ಮೀನುಗಳನ್ನು ನೆನೆದು ಇಲ್ಲಿ ತಿಲಾಪಿಯಾವನ್ನು ಪೂರ್ತಿ ದೂರವಿಡಬೇಕು.

ಮರಲ್ ಮೀನಿನ ಮಾತನ್ನೂ ಹೇಳಿಬಿಡೋಣ, ಏಕೆಂದರೆ ರುಚಿಗೂ ಬೆಲೆಗೂ ಅದನ್ನೇ ಬಯಸುವವರು ಬಹಳ. ಅದು ನಮ್ಮ ನಾಡಿನದೇ ಮೀನು, ಗಾಳಿ ಉಸಿರಾಡುವುದರಿಂದ ಕಡಿಮೆ ನೀರಲ್ಲೂ ಬದುಕುತ್ತದೆ. ಆದರೆ ಮಾಂಸಾಹಾರಿ. ಜೊತೆಯ ಗೆಂಡೆ ಮರಿಗಳನ್ನು ತಿನ್ನುತ್ತದೆ, ಹಸಿದರೆ ತನ್ನ ಜಾತಿಯ ಚಿಕ್ಕವನ್ನೂ ಬಿಡುವುದಿಲ್ಲ. ಬೇರೆ ಹೊಂಡ, ಬೇರೆ ಮೇವು, ನಿತ್ಯದ ನಿಗಾ ಕೊಡಬಲ್ಲವರು ಮಾತ್ರ ಕೈ ಹಾಕಬೇಕು. ಮೊದಲ ವರ್ಷದವರಿಗೆ ಅದು ಅಲ್ಲ.

ಚೀಲ ಬಿಚ್ಚುವ ಮುನ್ನ

ಆಯ್ಕೆ ಎಷ್ಟೇ ಸರಿಯಿದ್ದರೂ ಕೈಗೆ ಬಂದ ಮರಿ ಅದೇ ಅಲ್ಲದಿದ್ದರೆ ಫಲವಿಲ್ಲ. ಮರಿಯನ್ನು ಸರ್ಕಾರಿ ಮೀನುಮರಿ ಕೇಂದ್ರದಿಂದ, ಇಲ್ಲವೇ ತಾಲ್ಲೂಕಿನ ಮೀನುಗಾರಿಕೆ ಇಲಾಖೆ ತೋರಿಸುವ ಕಡೆಯಿಂದ ತನ್ನಿ. ನೊಣದಷ್ಟು ಸಣ್ಣ ಮರಿ ಅಗ್ಗಕ್ಕೆ ಸಿಕ್ಕಿತೆಂದು ಸಾವಿರಗಟ್ಟಲೆ ತರಬೇಡಿ. ಬೆರಳುದ್ದದ ಎಂಬತ್ತು ಮರಿ ಅದಕ್ಕಿಂತ ಹೆಚ್ಚು ಮೀನು ಕೊಡುತ್ತವೆ. ಮನೆಗೆ ತಂದ ಚೀಲವನ್ನು ಹಾಗೇ ಹೊಂಡದಲ್ಲಿ ಕಾಲು ಗಂಟೆ ತೇಲಿಬಿಟ್ಟು, ಆಮೇಲೆ ಬಾಯಿ ಬಿಚ್ಚಿ ಹೊಂಡದ ನೀರನ್ನು ಸ್ವಲ್ಪಸ್ವಲ್ಪ ಒಳಗೆ ಸೇರಿಸಿ.

ಬಿಡುವ ಮುಂಚೆ ಹತ್ತಿಪ್ಪತ್ತು ಮರಿಗಳನ್ನು ಬಿಳಿಯ ಬೋಗುಣಿಗೆ ಹಾಕಿ ಕಣ್ಣಿಟ್ಟು ನೋಡಿ. ಗೆಂಡೆಯ ಬಾಯಿಗೂ ಚಿಕ್ಕ ಮೀಸೆಗಳಿರುತ್ತವೆ, ಅದಕ್ಕೆ ಹೆದರಬೇಕಿಲ್ಲ. ಮೈಮೇಲೆ ಹುರುಪೆ ಇದ್ದರೆ ಅದು ಕ್ಯಾಟ್‌ಫಿಶ್ ಅಲ್ಲ. ಹುರುಪೆಯೇ ಇಲ್ಲದ ನುಣ್ಣನೆ ಮೈ, ಚಪ್ಪಟೆ ತಲೆ, ನಾಲ್ಕು ಜೊತೆ ಉದ್ದ ಮೀಸೆ ಕಂಡರೆ ಆ ಚೀಲವನ್ನು ಹೊಂಡಕ್ಕೆ ಸುರಿಯಬೇಡಿ. ಹಳ್ಳಕ್ಕಂತೂ ಚೆಲ್ಲಲೇಬೇಡಿ. ಮಾರಿದವರಿಗೆ ಹಿಂದಿರುಗಿಸಿ, ಇಲಾಖೆಗೂ ತಿಳಿಸಿ. ಕೊಟ್ಟ ದುಡ್ಡು ಹೋದರೆ ಮುಂದಿನ ವರ್ಷ ದುಡಿಯಬಹುದು. ಲಕ್ಷ್ಮಣತೀರ್ಥಕ್ಕೆ ಹೋದ ಮೀನನ್ನು ಹಿಡಿದು ತರುವ ಬಲೆ ಯಾರ ಬಳಿಯೂ ಇಲ್ಲ.